ಯಂತ್ರಕ್ಕಿಂತ ಮೊದಲಿನ ಕೆಲಸ

ಎಂಡೋಸಲ್ಫಾನಿನ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಮಾತು, ಭಾಷಣ, ಲೇಖನ ಎಲ್ಲ ಬೇಕಷ್ಟಾಗಿವೆ. ಆದರೆ ಸುರಂಗದ ನೀರಿನಲ್ಲಿ ಇಷ್ಟು ವಿಷ, ಮಕ್ಕಳ ರಕ್ತದಲ್ಲಿ ಇಷ್ಟು ವಿಷ ಎನ್ನುತ್ತಾರಲ್ಲ, ಅದನ್ನು ಅಳೆಯುವುದು ಹೇಗೆ? ನಮ್ಮ ಕನ್ನಡ ಶಾಲೆಗಳ ಮಕ್ಕಳು ಕೇಳಲೇಬೇಕಾದ ಪ್ರಶ್ನೆ ಇದು ಎಂದು ನಮಗನಿಸುತ್ತದೆ.

ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ಟರು. (ವಿಷಕ್ಕೆ ಮದ್ದು ಎನ್ನುವುದು ನಮ್ಮ ಊರಿನ ರೂಢಿ!) 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ವಿಪರೀತವಾಗಿದೆ ಎಂದಿತು. ಕಾರ್ಪೊರೇಶನ್ ಮಾಡಿಸಿದ ವರದಿ ಅದಕ್ಕೆ ವಿರುದ್ಧವಾಗಿ ಬಂತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿನ ಶಾಲಾ ಹುಡುಗರನ್ನೇ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮದ್ದಿಗೆ ಒಡ್ಡಿಕೊಂಡ 117 ಹುಡುಗರ ರಕ್ತದಲ್ಲಿ ಸರಾಸರಿ 7.47, ಬೇರೆ ಊರಿನ 90 ಹುಡುಗರಲ್ಲಿ 1.37. ಇವು ನೂರು ಕೋಟಿಯಲ್ಲಿ ಇಷ್ಟು ಪಾಲು ಎನ್ನುವ ಲೆಕ್ಕ.

ನೂರು ಕೋಟಿಯಲ್ಲಿ ಏಳು! ಇಷ್ಟು ಸಣ್ಣದನ್ನು ಕೊಡಪಾನದ ನೀರಿನಿಂದ ನೇರವಾಗಿ ಹೆಕ್ಕುವುದು ಸಾಮಾನ್ಯ ಯಂತ್ರಗಳಿಗೆ ಕಷ್ಟ. ಹಾಗಾಗಿ ಸಾಮಾನ್ಯವಾಗಿ ಮೊದಲು ವಿಷವನ್ನು ನೀರಿನಿಂದ ಬೇರ್ಪಡಿಸಿ ಒಟ್ಟುಮಾಡಬೇಕು. ಹಳೆಯ ಕ್ರಮದಲ್ಲಿ ಹೆಕ್ಸೇನಿನಂಥ ದ್ರಾವಕವನ್ನು ಧಾರಾಳ ಸುರಿದು ಕುಲುಕುತ್ತಿದ್ದರು. ಸಾಲಿಡ್ ಫೇಸ್ ಎಕ್ಸ್‌ಟ್ರಾಕ್ಷನ್ನಿನಲ್ಲಿ ನೀರನ್ನು ಒಂದು ಘನವಸ್ತುವಿನ ಮೂಲಕ ಹಾಯಿಸುತ್ತಾರೆ. ವಿಷ ಅದಕ್ಕೆ ಅಂಟಿಕೊಳ್ಳುತ್ತದೆ, ನೀರು ಹೋಗುತ್ತದೆ. ಆಮೇಲೆ ಸ್ವಲ್ಪ ದ್ರಾವಕದಿಂದ ವಿಷವನ್ನು ಬಿಡಿಸುತ್ತಾರೆ. ಒಂದು ಲೀಟರಿನದ್ದು ಒಂದು ಮಿಲಿಲೀಟರಿಗೆ ಇಳಿದರೆ ಸಾವಿರ ಪಟ್ಟು ದಟ್ಟವಾಯಿತು. ಇಲ್ಲಿ ಕೈ ತಪ್ಪಿದರೆ ಎಷ್ಟು ಲಕ್ಷದ ಯಂತ್ರವಿದ್ದೂ ಉತ್ತರ ತಪ್ಪೇ.

ಈಗ ಆ ಘನವಸ್ತುವಾಗಿ ನ್ಯಾನೋ ಎಳೆಗಳು ಬಂದಿವೆ. ಪ್ಲಾಸ್ಟಿಕ್ಕಿನಂಥ ಪಾಲಿಮರಿನ ದ್ರಾವಣವನ್ನು ಸೂಜಿಯಲ್ಲಿ ತುಂಬಿ ಹತ್ತಿಪ್ಪತ್ತು ಸಾವಿರ ವೋಲ್ಟ್ ವಿದ್ಯುತ್ ಕೊಟ್ಟರೆ, ಸೂಜಿಯ ತುದಿಯ ಹನಿ ಎಳೆಯಾಗಿ ಚಿಮ್ಮಿ, ಒಣಗಿ, ಎದುರಿನ ತಗಡಿನ ಮೇಲೆ ಜೇಡರ ಬಲೆಯಂತೆ ಕೂರುತ್ತದೆ. ಕೂದಲಿನ ನೂರರಲ್ಲೊಂದು ಪಾಲಿಗಿಂತಲೂ ತೆಳು. ವಿದ್ಯೆ ಹೊಸತಲ್ಲ, ಆಂಟನ್ ಫಾರ್ಮಲ್ಸ್ 1934ರಲ್ಲೇ ಪೇಟೆಂಟ್ ಪಡೆದಿದ್ದರು. ಎಳೆ ತೆಳುವಾದಷ್ಟೂ ಅಂಟಿಕೊಳ್ಳಲು ಜಾಗ ಹೆಚ್ಚು, ಆದ್ದರಿಂದ ಕೆಲವೇ ಮಿಲಿಗ್ರಾಂ ಸಾಕು, ದ್ರಾವಕವೂ ಕಡಿಮೆ. ಎಂಡೋಸಲ್ಫಾನ್ ನೀರಿಗಿಂತ ಎಣ್ಣೆಯಂಥವನ್ನೇ ಇಷ್ಟಪಡುವ ಜಾತಿ. ಸರಿಯಾದ ಪಾಲಿಮರ್ ಆರಿಸಿದರೆ ಸುಲಭವಾಗಿ ಹಿಡಿಯುತ್ತದೆ.

ಹಾಗೆಂದು ಹೊಸದೆಲ್ಲ ಪವಾಡ ಎಂದು ನಾವು ಹೇಳುವುದಿಲ್ಲ. ಶುದ್ಧ ನೀರಿಗೆ ಮದ್ದು ಬೆರೆಸಿ ಪರೀಕ್ಷಿಸಿದರೆ ಫಲಿತಾಂಶ ಚಂದ ಬರುತ್ತದೆ. ಆಟಿ ತಿಂಗಳ ನಮ್ಮ ಕೆಂಪು ನೀರನ್ನು ಕೊಟ್ಟು ನೋಡಬೇಕು. ಮಣ್ಣು, ಕೊಳೆತ ಎಲೆಯ ರಸ ಎಲ್ಲ ಸೇರಿ ಎಳೆಗಳು ಕಟ್ಟಿಕೊಂಡಾವು. ಇವತ್ತು ನೇಯ್ದ ಹಾಳೆ ನಾಳೆಯದ್ದರಂತೆಯೇ ಇರುತ್ತದೆ ಎಂಬ ಖಾತ್ರಿಯೂ ಬೇಕು.

ಆದ್ದರಿಂದಲೇ ನಮ್ಮ ಬೇಡಿಕೆ ಯಂತ್ರಕ್ಕಲ್ಲ, ಲೆಕ್ಕಕ್ಕೆ. ಗೊತ್ತಿರುವಷ್ಟು ಮದ್ದನ್ನು ನಮ್ಮದೇ ಬಾವಿಯ ನೀರಿಗೆ ಸೇರಿಸಿ, ಅದರಲ್ಲಿ ಎಷ್ಟು ಮರಳಿ ಸಿಕ್ಕಿತು ಎಂದು ವರದಿಯಲ್ಲಿ ಬರೆಯಬೇಕು. ನೂರಕ್ಕೆ ನಲ್ವತ್ತು ಮಾತ್ರ ಸಿಕ್ಕಿದ್ದರೆ "ಇಲ್ಲ" ಎಂಬ ಉತ್ತರವನ್ನು ನಂಬುವುದು ಹೇಗೆ? ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ. ಅಷ್ಟು ಸಣ್ಣದನ್ನು ಆ ವಿಧಾನ ಕಂಡೀತೇ ಎಂಬುದೂ ವರದಿಯಲ್ಲಿರಲಿ. ಎಲ್ಲವೂ ಕನ್ನಡದಲ್ಲಿರಲಿ. ಎಣ್ಮಕಜೆಯ ತಾಯಂದಿರು ತಮ್ಮ ಬಾವಿಯ ವರದಿಯನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಪಾಡು ಯಾಕೆ? ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಾಸರಗೋಡಿನಲ್ಲೇ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. ಅಲ್ಲಿನ ವಿಜ್ಞಾನಿಗಳು ನಮ್ಮ ಹೈಸ್ಕೂಲುಗಳಿಗೆ ವರ್ಷಕ್ಕೊಮ್ಮೆ ಬಂದು ಇದನ್ನು ತೋರಿಸಿಕೊಟ್ಟರೆ ದೊಡ್ಡ ಉಪಕಾರ.

ಅಷ್ಟರವರೆಗೆ ತರಗತಿಯಲ್ಲಿ ನಾವೇ ಒಂದು ಮಾಡಬಹುದು. ಅರಸಿನ ಕದಡಿದ ನೀರನ್ನು ಹಳೆಯ ಬೈರಾಸಿನ ತುಂಡಿನಲ್ಲಿ ಸೋಸಿ. ಬಟ್ಟೆಯನ್ನು ನೀರಿನಲ್ಲಿ ಎಷ್ಟು ತೊಳೆದರೂ ಹಳದಿ ಪೂರ್ತಿ ಹೋಗದು. ನಾಲ್ಕು ಚಮಚ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿ, ಹಳದಿ ಸ್ಪಿರಿಟ್ಟಿಗೆ ಇಳಿಯುತ್ತದೆ. ಸ್ಪಿರಿಟ್ಟಿನ ಹತ್ತಿರ ಬೆಂಕಿ ಬೇಡ, ಟೀಚರು ಪಕ್ಕದಲ್ಲಿರಲಿ. ಎಷ್ಟು ಹಳದಿ ಇನ್ನೂ ಬಟ್ಟೆಯಲ್ಲೇ ಉಳಿಯಿತು ಎಂದು ಮಕ್ಕಳೇ ನೋಡಿ ಪುಸ್ತಕದಲ್ಲಿ ಬರೆಯಲಿ.