ಮೈದಾನದ ಲೆಕ್ಕ

ಮುಂಬಯಿಯಲ್ಲಿ ಖಾಲಿ ಜಾಗ ಕಂಡರೆ ಸಾಕು, 'ಸುಮ್ಮನೆ ಬಿದ್ದಿದೆ' ಅಂತಾರೆ. ಕಾಮರ್ಸ್ ಓದುವ ನನಗೆ ಇದು ತಪ್ಪು ಲೆಕ್ಕ ಅನ್ನಿಸುತ್ತದೆ. ಜಮಾ ಬದಿಯಲ್ಲಿ ಬಾಡಿಗೆ ಕಾಣದ ಮಾತ್ರಕ್ಕೆ ಆಸ್ತಿ ನಿರುಪಯೋಗಿಯೇ?

ದಾದರಿನ ಶಿವಾಜಿ ಪಾರ್ಕನ್ನು 1925ರಲ್ಲಿ ಸಾರ್ವಜನಿಕರಿಗೆ ತೆರೆದರು. ಸುಮಾರು 28 ಎಕರೆ. ಒಂದೇ ಹೊತ್ತಿಗೆ ಹಲವಾರು ಕ್ರಿಕೆಟ್ ಆಟ. ಸುತ್ತಲಿನ ಕಟ್ಟೆಯ ಮೇಲೆ ಮುದುಕರು, ಹರಟೆಯ ಹುಡುಗರು. ಓವಲ್ ಮೈದಾನದ ಇಕ್ಕೆಲದ ಕಟ್ಟಡಗಳಿಗೆ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ಬಂತು. ನಡುವೆ ಬಯಲು ಉಳಿದಿದೆ, ಅದಕ್ಕೇ ಆ ಸಾಲುಗಳು ಕಣ್ತುಂಬ ಕಾಣುತ್ತವೆ.

ಎಲ್ಲ ಕಡೆ ಹೀಗಿಲ್ಲ. ನಮ್ಮ ಚಾಳಿನ ಹತ್ತಿರದ ಉದ್ಯಾನದಲ್ಲಿ ಹುಲ್ಲಿನ ಮೇಲೆ ಕೂರಬಾರದು, ಚೆಂಡು ತರಬಾರದು, ಮಧ್ಯಾಹ್ನ ಗೇಟಿಗೆ ಬೀಗ. ಒಂದೇ ಖೋಲಿಯಲ್ಲಿ ಆರು ಜನ ಇರೋ ಮನೆಯ ಹುಡುಗ ಪುಸ್ತಕ ಹಿಡಿದು ಎಲ್ಲಿಗೆ ಹೋಗಬೇಕು? ಕಾರಂಜಿ, ಬಣ್ಣದ ದೀಪ ಅವನಿಗೆ ಬೇಕಿಲ್ಲ. ನೆರಳು, ಒಂದು ಬೆಂಚು ಸಾಕು.

'ಬಿಟ್ಟರೆ ಗಲೀಜು ಮಾಡ್ತಾರೆ' ಅನ್ನೋರಿದ್ದಾರೆ. ಗಲೀಜಾದರೆ ಗುಡಿಸಬಹುದು. ಬೀಗ ಹಾಕಿದರೆ ಮಕ್ಕಳು ಆಡೋದು ರಸ್ತೆಯಲ್ಲಿ, ಬಸ್ಸುಗಳ ನಡುವೆ. ಮೈದಾನದಲ್ಲಿ ಕಟ್ಟಡವೆದ್ದರಂತೂ ಅದು ಮತ್ತೆ ಹುಟ್ಟೋದಿಲ್ಲ. ಆ ನಷ್ಟವನ್ನು ಯಾವ ಖಾತೆಗೆ ಬರೆಯೋಣ?

ನಮಗೂ ಈಗ ಮತವಿದೆ. ನಗರಸೇವಕರು ಮತ ಕೇಳಲು ಬಂದಾಗ ನಾವು ಕೇಳಬೇಕಾದ್ದು ಒಂದೇ: ಗೇಟು ಯಾವಾಗ ತೆರೀತೀರಿ?