ಗೋಡೆಗೆ ಬಿದ್ದ ಬಿಸಿಲು ಯಾರದು?

ವೆಸ್ಟ್ ಬೇಯ ಗಾಜಿನ ಗೋಪುರಗಳಲ್ಲಿ ವಾಸಿಸುವ ನಾವು ಬೇಸಗೆಯ ಅಪರಾಹ್ನಗಳಲ್ಲಿ ಒಂದು ವಿಚಿತ್ರ ವ್ರತವನ್ನು ತಪ್ಪದೆ ಆಚರಿಸುತ್ತೇವೆ. ಪಡುವಣ ಬಿಸಿಲು ತಾಳಲಾರದೆ ಪರದೆ ಎಳೆಯುತ್ತೇವೆ; ಕತ್ತಲಾಯಿತೆಂದು ದೀಪ ಹಾಕುತ್ತೇವೆ; ಗಾಜು ಕಾದು ಕೋಣೆ ಬಿಸಿಯಾಯಿತೆಂದು ಎಸಿಯನ್ನು ಇನ್ನಷ್ಟು ಹೆಚ್ಚಿಸುತ್ತೇವೆ. ಶಕ್ತಿಯ ಮೂಲವೇ ಕಿಟಕಿಗೆ ಬಂದು ನಿಂತಾಗ, ಅದನ್ನು ಹೊರಗಟ್ಟಲು ಶಕ್ತಿಯನ್ನು ವ್ಯಯಿಸುವುದು ಯಾವ ಜಾಣತನ?

ಕತಾರ್ ಸೌರಶಕ್ತಿಯನ್ನು ಕಡೆಗಣಿಸಿದೆ ಎಂದಲ್ಲ. ದೋಹಾದ ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ದೂರದ ಅಲ್ ಖರ್ಸಾದಲ್ಲಿ 800 ಮೆಗಾವಾಟ್ ಸಾಮರ್ಥ್ಯದ ಸ್ಥಾವರವು 2022ರ ಅಕ್ಟೋಬರ್‌ನಲ್ಲಿಯೇ ಉದ್ಘಾಟನೆಗೊಂಡಿತು. ಆದರೆ ಮರಳುಗಾಡಿನ ಫಲಕ ನಮ್ಮ ಕಿಟಕಿಗೆ ನೆರಳು ನೀಡದು. ಕಟ್ಟಡದ ಹೊರಮೈಗೆ ಜೋಡಿಸಿದ ಫಲಕವಾದರೋ ವಿದ್ಯುತ್ತನ್ನೂ ಕೊಡುತ್ತದೆ, ನೆರಳನ್ನೂ ಕೊಡುತ್ತದೆ.

ನೇರವಾಗಿ ನಿಂತ ಫಲಕವು ಓರೆಯಾಗಿಟ್ಟ ಫಲಕದಷ್ಟು ಉತ್ಪಾದಿಸದು ಎಂಬ ಆಕ್ಷೇಪ ನಿಜ. ಜೂನ್ ಮಧ್ಯಾಹ್ನ ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುವುದರಿಂದ ದಕ್ಷಿಣದ ಗೋಡೆಗೆ ಹೆಚ್ಚೇನೂ ದಕ್ಕದು. ಆದರೆ ಗೋಪುರದ ಛಾವಣಿ ಎಷ್ಟು ಕಿರಿದು, ಗೋಡೆ ಎಷ್ಟು ವಿಶಾಲ! ಬೆಳಗು ಸಂಜೆಗಳ ಓರೆಬಿಸಿಲು ಪೂರ್ವ ಪಶ್ಚಿಮದ ಗೋಡೆಗಳಿಗೇ ಬಡಿಯುತ್ತದೆ; ನೆಟ್ಟಗೆ ನಿಂತ ಫಲಕದ ಮೇಲೆ ಧೂಳೂ ಕಡಿಮೆ ಕೂರುತ್ತದೆ. ಅಂದಗೆಡುತ್ತದೆ ಎನ್ನುವವರು 2012ರಲ್ಲಿ ಪೂರ್ಣಗೊಂಡ ನಮ್ಮ ದೋಹಾ ಟವರನ್ನು ಒಮ್ಮೆ ಕಣ್ಣೆತ್ತಿ ನೋಡಲಿ. ಅದರ ಮೈತುಂಬ ಇರುವ ಅಲ್ಯೂಮಿನಿಯಂ ಜಾಲಂಧ್ರವು ಪೂರ್ವ ಪಶ್ಚಿಮಗಳಲ್ಲಿಯೇ ಅತಿ ದಟ್ಟ. ನೆರಳೇ ಅಲ್ಲಿ ಅಲಂಕಾರವಾಗಿದೆ. ಹಳೆಯ ಕಟ್ಟಡಕ್ಕೆ ಜೋಡಿಸುವಾಗ ಭಾರ, ಗಾಳಿಯ ಒತ್ತಡ, ಬೆಂಕಿಯ ಸುರಕ್ಷತೆಗಳನ್ನು ಎಂಜಿನಿಯರರು ಪರೀಕ್ಷಿಸಲೇಬೇಕು. ಅದು ಎಚ್ಚರಿಕೆಯ ಮಾತು, ಕೈಕಟ್ಟಿ ಕೂರಲು ನೆಪವಲ್ಲ.

ನಿಜವಾದ ಅಡ್ಡಿ ಬೇರೆಯೇ ಇದೆ. ಗೋಡೆ ಮಾಲೀಕನದು, ಸೆಕೆ ಬಾಡಿಗೆದಾರನದು. ಖರ್ಚು ಮಾಡಬೇಕಾದವನಿಗೆ ಲಾಭವಿಲ್ಲ. ಲಾಭ ಪಡೆಯಬೇಕಾದವನಿಗೆ ಅಧಿಕಾರವಿಲ್ಲ. ಬಾಡಿಗೆಯಲ್ಲೇ ವಿದ್ಯುತ್ ಸೇರಿದ್ದರಂತೂ ನಮಗೆ ಅದರ ಚಿಂತೆಯೇ ಇರದು. "ನಾವು ಇಲ್ಲಿ ಬಾಡಿಗೆಗೆ ಇರುವವರು, ನಮ್ಮದೇನು ನಡೆಯುತ್ತದೆ?" ಎನ್ನುತ್ತೇವೆ.

ಒಪ್ಪೋಣ. ಆದರೆ ಬಂಧುಗಳೇ, ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ನಾವೇ ಮಾಲೀಕರಲ್ಲವೇ? ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972, ಮುಖ್ಯ ಗೋಡೆಗಳನ್ನೂ ಛಾವಣಿಯನ್ನೂ ಎಲ್ಲ ಮಾಲೀಕರ ಸಾಮಾನ್ಯ ಸ್ವತ್ತೆಂದು ಗುರುತಿಸಿದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ ವಸತಿ ಸಂಘಗಳ ಸಾಮಾನ್ಯ ಬಳಕೆಗೂ ಕಿಲೋವಾಟ್‌ಗೆ 18,000 ರೂಪಾಯಿ ಸಹಾಯಧನ ನೀಡುತ್ತದೆ. ಅಲ್ಲಿಯೂ ಗೋಡೆ, ಛಾವಣಿಗಳು ಬರಿದಾಗಿದ್ದರೆ ಯಾರನ್ನು ದೂರೋಣ? ನಮ್ಮ ಫ್ಲ್ಯಾಟಿನ ಸಂಘದ ವಾರ್ಷಿಕ ಸಭೆಯ ಇಮೇಲನ್ನು ಓದದೆಯೇ ಅಳಿಸಿದವರಲ್ಲಿ ನಾನೂ ಒಬ್ಬ.

ಈ ಸಲ ಊರಿನ ಸಂಘಕ್ಕೆ ಎರಡು ಸಾಲು ಬರೆಯೋಣ: ಛಾವಣಿ ಮತ್ತು ಗೋಡೆಗಳ ಸೌರ ಸಮೀಕ್ಷೆಯನ್ನು ಸಭೆಯ ವಿಷಯಪಟ್ಟಿಗೆ ಸೇರಿಸಿ ಎಂದು. ಇಲ್ಲಿ ಬಾಡಿಗೆ ಕರಾರು ನವೀಕರಿಸುವಾಗ, ಪಶ್ಚಿಮದ ಗಾಜಿಗೆ ನೆರಳು ಬೇಕೆಂದು ಮಾಲೀಕರನ್ನು ಕೇಳೋಣ. ಕೇಳುವವರೇ ಇಲ್ಲದಿದ್ದರೆ ಯಾವ ಗೋಡೆಯೂ ಬದಲಾಗದು.