ಗಮ್‌ಬೂಟು, ಸೇಫ್ಟಿ ಶೂ, ರೈಡಿಂಗ್ ಬೂಟು: ಮಲೆನಾಡಿನ ಕೆಸರಲ್ಲಿ ಬೈಕ್ ಓಡಿಸೋರ ಕಾಲಿಗೆ ಯಾವುದು?

ಸಕಲೇಶಪುರ: ಮಳೆಗಾಲದ ಶನಿವಾರ ಬೆಳಿಗ್ಗೆ ಬಿ.ಎಂ. ರಸ್ತೆಯ ಹೋಟೆಲ್‌ಗಳ ಮುಂದೆ ಸಾಲಾಗಿ ನಿಲ್ಲೋ ಬೈಕ್‌ಗಳನ್ನು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತೆ. ಬೆಂಗಳೂರಿಂದ ಬಂದವರ ಕಾಲಲ್ಲಿ ಕಣಕಾಲು ಮುಚ್ಚುವ, ಬಕಲ್ ಹಾಕಿದ ದಪ್ಪ ಬೂಟು. ಅವರಿಗೆ ತೋಟದ ದಾರಿ, ಗುಡ್ಡದ ದಾರಿ ತೋರಿಸೋಕೆ ಮುಂದೆ ಹೋಗೋ ಊರಿನ ಹುಡುಗನ ಕಾಲಲ್ಲಿ ಹವಾಯಿ ಚಪ್ಪಲಿ, ಇಲ್ಲಾಂದ್ರೆ ಗಮ್‌ಬೂಟು. ಇಬ್ಬರೂ ಹೋಗೋ ದಾರಿ ಒಂದೇ, ಕೆಸರೂ ಒಂದೇ. ಊರಿನವನು ಕಡಿಮೆ ಬೀಳಬಹುದು, ಆದರೆ ಬಿದ್ದಾಗ ಇಬ್ಬರ ಮೂಳೆಯೂ ಒಂದೇ ಥರ ಮುರಿಯುತ್ತೆ.

ಈ ವಿಷಯ ಈಗ ಅಂಗಡಿಗಳ ತನಕ ಬಂದಿರೋದಕ್ಕೆ ಕಾರಣ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತು. 350 ಸಿಸಿ ವರೆಗಿನ ಬೈಕ್‌ಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡ ಎಂಜಿನ್‌ನವು ಶೇ 40ಕ್ಕೆ ಏರಿದವು. ಅಂದರೆ ಹೀರೋ ಎಕ್ಸ್‌ಪಲ್ಸ್ ಥರದ ಸಣ್ಣ ಅಡ್ವೆಂಚರ್ ಬೈಕ್ ನಮ್ಮ ಕಡೆಯ ಹುಡುಗರ ಕೈಗೆ ಇನ್ನಷ್ಟು ಹತ್ತಿರ ಬಂತು, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸ್ವಲ್ಪ ದೂರ ಹೋಯಿತು. ಅದೇ ದಿನ ಪಾದರಕ್ಷೆಯ ತೆರಿಗೆಯೂ ಬದಲಾಯಿತು. ಜೊತೆಗೆ 2,500 ರೂಪಾಯಿ ವರೆಗಿನದಕ್ಕೆ ಶೇ 5, ಅದರ ಮೇಲೆ ಶೇ 18.

ಈ 2,500ರ ಗೆರೆ ಅಂಗಡಿಯವರಿಗೆ ಮುಖ್ಯ. ತೆರಿಗೆಗೆ ಮುಂಚೆ 2,500 ರೂಪಾಯಿ ಇರೋ ಬೂಟು ಗಿರಾಕಿ ಕೈಗೆ 2,625ಕ್ಕೆ ಸಿಗುತ್ತೆ. ನೂರು ರೂಪಾಯಿ ಜಾಸ್ತಿ ಇರೋ 2,600ರ ಬೂಟು 3,068 ಆಗುತ್ತೆ. ಗಮ್‌ಬೂಟು, ಸಾಧಾರಣ ಸೇಫ್ಟಿ ಶೂ ಎಲ್ಲಾ ಗೆರೆಯ ಕೆಳಗೆ. ಬೈಕಿಗೇ ಅಂತ ಮಾಡಿದ ಬೂಟುಗಳು ಹೆಚ್ಚುಕಮ್ಮಿ ಎಲ್ಲವೂ ಗೆರೆಯ ಮೇಲೆ. ಕಾಲು ಕಾಯೋ ವಸ್ತುವನ್ನು ಐಷಾರಾಮಿ ಶೂ ಜೊತೆ ಒಂದೇ ತಕ್ಕಡಿಗೆ ಹಾಕಿರೋದು ಸರಿಯೇ ಅನ್ನೋ ಪ್ರಶ್ನೆ ಉಳಿಯುತ್ತೆ.

ನಿಧಾನಕ್ಕೆ ಬಿದ್ದರೂ ಕಾಲು ಹೋಗುತ್ತೆ

ಆಕ್ಸಿಡೆಂಟ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಹೆದ್ದಾರಿ, ಸ್ಪೀಡು. ಮಣ್ಣು ದಾರಿಯಲ್ಲಿ ಆಗೋದು ಬೇರೆ. ಹತ್ತು-ಹದಿನೈದು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಮುಂದಿನ ಚಕ್ರ ಕೆಂಪು ಜೇಡಿಯಲ್ಲಿ ಜಾರುತ್ತೆ. ಸವಾರ ಕಾಲು ಊರಲು ಹೋಗ್ತಾನೆ. ಕಾಲು ಮಣ್ಣಲ್ಲಿ ಸಿಕ್ಕಿಕೊಳ್ಳುತ್ತೆ, ಬೈಕು ಮುಂದಕ್ಕೆ ಹೋಗುತ್ತೆ, ಹರಡು ತಿರುಚುತ್ತೆ. ಇಲ್ಲಾಂದ್ರೆ ಬೈಕು ಪಕ್ಕಕ್ಕೆ ವಾಲಿ, ಫುಟ್‌ರೆಸ್ಟ್ ಮತ್ತು ನೆಲದ ಮಧ್ಯೆ ಪಾದ ಸಿಗುತ್ತೆ. ಹಿಮಾಲಯನ್ 450 ತೂಕ 196 ಕಿಲೋ. ಸೀಟಿನ ಎತ್ತರ 825 ಮಿಲಿಮೀಟರ್‌ನಿಂದ ಶುರು. ಐದೂವರೆ ಅಡಿಯವರಿಗೆ ಎರಡೂ ಕಾಲು ಪೂರ್ತಿ ನೆಲಕ್ಕೆ ಎಟುಕೋದು ಕಷ್ಟ. ತುದಿಗಾಲಲ್ಲಿ ಅಷ್ಟು ತೂಕ ತಡೆಯೋಕೆ ಹೋದಾಗಲೇ ಹರಡಿನ ಮೇಲೆ ಹೊರೆ ಬೀಳೋದು.

ಹರಡಿನ ಮೂಳೆ ಮುರಿದರೆ ವಾರಗಟ್ಟಲೆ ಕಾಲು ಊರುವಂತಿಲ್ಲ. ಪ್ಲೇಟ್, ಸ್ಕ್ರೂ ಹಾಕಿದರೆ ಸರಿಯಾಗಿ ನಡೆಯೋಕೆ ತಿಂಗಳುಗಳೇ ಬೇಕು. ಆಫೀಸಿನಲ್ಲಿ ಕೂತು ಕೆಲಸ ಮಾಡೋರು ಹೇಗೋ ಸುಧಾರಿಸಿಕೊಳ್ತಾರೆ. ಕಾಫಿ ಕೊಯ್ಲಿಗೆ ಹೋಗೋನು, ಜೀಪು ಓಡಿಸೋನು, ಮೆಣಸಿನ ಬಳ್ಳಿಗೆ ಏಣಿ ಹತ್ತೋನು ಆ ಸೀಸನ್ನೇ ಕಳಕೊಳ್ತಾನೆ. ಹಾಗಾಗಿ ಬೂಟಿನ ಮಾತು ಶೋಕಿಗೆ ಸೇರಿದ್ದಲ್ಲ, ಮನೆಯ ಲೆಕ್ಕಕ್ಕೆ ಸೇರಿದ್ದು.

ಕಾನೂನು ಏನು ಹೇಳುತ್ತೆ? ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಹೆಲ್ಮೆಟ್ ಬಗ್ಗೆ ಮಾತ್ರ. ಚಪ್ಪಲಿ ಹಾಕಿ ಬೈಕ್ ಓಡಿಸಿದರೆ ದಂಡ ಅನ್ನೋ ಸುದ್ದಿ 2019ರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದಾಗ, ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿಯೇ ಅಂಥ ದಂಡ ಇಲ್ಲ ಅಂತ ಸ್ಪಷ್ಟನೆ ಕೊಟ್ಟಿತ್ತು. ಆ ಸುದ್ದಿ ಈಗಲೂ ಪ್ರತಿ ವರ್ಷ ಒಂದು ಸಲ ಫಾರ್ವರ್ಡ್ ಆಗಿ ಬರುತ್ತೆ. ಪೊಲೀಸರು ಹಿಡಿಯಲ್ಲ, ನಿಜ. ಕಲ್ಲು, ಕೆಸರು ಬಿಡಲ್ಲ.

ಗಮ್‌ಬೂಟು ಯಾಕೆ ಸಾಕಾಗಲ್ಲ

ತಾಲ್ಲೂಕಿನಲ್ಲಿ ಅತಿ ಹೆಚ್ಚು ಕಾಣೋ ಬೂಟು ಅಂದ್ರೆ ಗಮ್‌ಬೂಟೇ. ತೋಟದಲ್ಲಿ ಅದಕ್ಕೆ ಸಾಟಿ ಇಲ್ಲ. ನೀರು ಬರಲ್ಲ, ಇಂಬಳ ಹತ್ತೋದು ಕಡಿಮೆ, ತೊಳೆದಿಟ್ಟರೆ ಆಯ್ತು. ಬೈಕಿನ ಮೇಲೆ ಮಾತ್ರ ಅದರ ಗುಣಗಳೇ ದೋಷ ಆಗುತ್ತವೆ. ಕಾಲಿಗೆ ಬಿಗಿಯಾಗಿ ಕೂರಲ್ಲ, ಬಿದ್ದಾಗ ಕಳಚಿಕೊಂಡು ಹೋಗುತ್ತೆ. ಹರಡಿನ ಹತ್ತಿರ ಬಟ್ಟೆ ಥರ ಮಡಚುತ್ತೆ, ಅಂದ್ರೆ ತಿರುಚೋದನ್ನು ತಡೆಯಲ್ಲ. ಬಿಸಿ ಸೈಲೆನ್ಸರ್‌ಗೆ ತಾಗಿದರೆ ಕರಗುತ್ತೆ. ಅಗಲ ಮೂತಿ ಗೇರ್ ಲಿವರ್ ಕೆಳಗೆ ಸಲೀಸಾಗಿ ಹೋಗಲ್ಲ. ಸಕ್ರೆಬೈಲು ಆನೆಗೆ ಸೈಕಲ್ ಕೊಟ್ಟಂಗೆ ಆಗುತ್ತೆ ಕೆಲವರ ಕಥೆ.

ಎರಡನೇ ಆಯ್ಕೆ ಸೇಫ್ಟಿ ಶೂ. ಕಟ್ಟಡ ಕೆಲಸದವರು, ಲೈನ್‌ಮನ್‌ಗಳು ಹಾಕೋದು. ಇದರ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 15298 ಅಂತ ಇರುತ್ತೆ. ಅದರ ಎರಡನೇ ಭಾಗದ ಪ್ರಕಾರ ಮಾಡಿದ ಶೂನ ಮುಂದಿನ ಕ್ಯಾಪ್ 200 ಜೂಲ್ ಹೊಡೆತ ತಡೀಬೇಕು, ಅಂದ್ರೆ 20 ಕಿಲೋ ತೂಕವನ್ನು ಒಂದು ಮೀಟರ್ ಮೇಲಿಂದ ಬಿಟ್ಟಷ್ಟು. ಬೆರಳಿಗೆ ಇದು ಒಳ್ಳೆ ರಕ್ಷಣೆ. ಆದರೆ ಪರೀಕ್ಷೆ ಆಗಿರೋದು ಬೆರಳಿನ ಭಾಗಕ್ಕೆ. ಬೈಕಿನಲ್ಲಿ ಪೆಟ್ಟು ಬೀಳೋ ಹರಡು, ಕಣಕಾಲಿಗೆ ಈ ಗುರುತಿನಿಂದ ಭರವಸೆ ಸಿಗಲ್ಲ. ದಿನಾ ಊರಿಂದ ಪೇಟೆಗೆ ಬೈಕಲ್ಲಿ ಬಂದು ಹೋಗೋರಿಗೆ, ಹರಡು ಮುಚ್ಚುವ ಹೈ-ಆ್ಯಂಕಲ್ ಸೇಫ್ಟಿ ಶೂ ಚಪ್ಪಲಿಗಿಂತ ಎಷ್ಟೋ ವಾಸಿ, ಬೆಲೆಯೂ 2,500ರ ಒಳಗೆ. ಲೇಸು ಮಾತ್ರ ಉದ್ದ ಬಿಡಬಾರದು. ಲೇಸಿನ ಕುಣಿಕೆ ಫುಟ್‌ರೆಸ್ಟಿಗೆ ಸಿಕ್ಕಿಕೊಂಡರೆ ನಿಂತ ಬೈಕಿನಿಂದಲೇ ಬೀಳ್ತಾರೆ.

ಬೈಕಿನ ಬೂಟು: ನಾಲ್ಕು ಅಂಕಿ ನೋಡಿ

ಬೈಕಿಗೇ ಮಾಡಿದ ಬೂಟುಗಳಲ್ಲೂ ಬಗೆಗಳಿವೆ. ಮೋಟೋಕ್ರಾಸ್ ಬೂಟು ಅತಿ ಗಟ್ಟಿ, ಪ್ಲಾಸ್ಟಿಕ್ ಚಿಪ್ಪು, ಮೂರ್ನಾಲ್ಕು ಬಕಲ್. ರಕ್ಷಣೆಯಲ್ಲಿ ಅದೇ ಮೇಲು. ಆದರೆ ಮಂಜರಾಬಾದ್ ಕೋಟೆಯ ಮೆಟ್ಟಿಲು ಹತ್ತಬೇಕು, ಬೇಲಿಯ ಗೇಟು ಇಳಿದು ತೆಗೀಬೇಕು ಅಂದ್ರೆ ಅದರಲ್ಲಿ ನಡೆಯೋಕೆ ಆಗಲ್ಲ. ಟೂರಿಂಗ್ ಬೂಟು ಮೆತ್ತಗೆ, ಟಾರ್ ರಸ್ತೆಗೆ ಸರಿ. ಅಡ್ವೆಂಚರ್ ಬೂಟು ಇವೆರಡರ ಮಧ್ಯದ್ದು. ಒರಾಝೋ, ರೈಡಾದಂಥ ಭಾರತೀಯ ಬ್ರ್ಯಾಂಡ್‌ಗಳ ಬೂಟಿಗಿಂತ ಫಾರ್ಮಾ, ಟಿಸಿಎಕ್ಸ್, ಆಲ್ಪೈನ್‌ಸ್ಟಾರ್ಸ್‌ನಂಥ ಹೊರದೇಶದವು ಸಾಮಾನ್ಯವಾಗಿ ಬಹಳ ದುಬಾರಿ.

ಬೆಲೆಗಿಂತ ಮೊದಲು ನೋಡಬೇಕಾದ್ದು ಒಳಗಿನ ಲೇಬಲ್. ಯುರೋಪಿನ ಬೈಕ್ ಬೂಟಿನ ಮಾನದಂಡ ಇಎನ್ 13634. ಸರಿಯಾಗಿ ಪರೀಕ್ಷೆ ಆದ ಬೂಟಿನಲ್ಲಿ ಬೈಕ್ ಸವಾರನ ಚಿತ್ರ, ಅದರ ಕೆಳಗೆ ನಾಲ್ಕು ಅಂಕಿ ಇರುತ್ತವೆ. ಪ್ರತಿಯೊಂದೂ 1 ಅಥವಾ 2. ಮೊದಲನೆಯದು ಬೂಟಿನ ಎತ್ತರ, ಎರಡನೆಯದು ರಸ್ತೆಗೆ ಉಜ್ಜಿದಾಗ ತಡೆಯೋ ಶಕ್ತಿ, ಮೂರನೆಯದು ಚೂಪಾದ್ದು ಕೊಯ್ಯೋದರಿಂದ ರಕ್ಷಣೆ, ನಾಲ್ಕನೆಯದು ಪಾದ ಅಡ್ಡಡ್ಡ ಜಜ್ಜಿಹೋಗದಂತೆ ತಡೆಯೋ ಗಟ್ಟಿತನ. ಕೆಸರು ದಾರಿಗೆ ಈ ನಾಲ್ಕನೇ ಅಂಕಿ 2 ಇರೋದು ಮೇಲು. ಬೈಕಿನ ಕೆಳಗೆ ಪಾದ ಸಿಕ್ಕಾಗ ಕೆಲಸಕ್ಕೆ ಬರೋದು ಅದೇ. ಜೊತೆಗೆ ಐಪಿಎ ಅಂತಿದ್ದರೆ ಹರಡಿಗೆ, ಐಪಿಎಸ್ ಅಂತಿದ್ದರೆ ಕಣಕಾಲಿಗೆ ಪೆಟ್ಟಿನ ರಕ್ಷಣೆ ಪರೀಕ್ಷೆ ಆಗಿದೆ ಅಂತರ್ಥ. ಬರೀ ಸಿಇ ಅಂತ ಸ್ಟಿಕ್ಕರ್ ಅಂಟಿಸಿ, ಸಂಖ್ಯೆಯೂ ಇಲ್ಲ, ಚಿತ್ರವೂ ಇಲ್ಲ ಅಂದ್ರೆ ಅದನ್ನು ನಂಬಿ ದುಡ್ಡು ಕೊಡೋ ಅಗತ್ಯ ಇಲ್ಲ.

ಹಾಕಿ ನೋಡದೆ ತಗೊಂಡರೆ

ಆನ್‌ಲೈನ್‌ನಲ್ಲಿ ತರಿಸಿ, ಸೈಜ್ ಆಗದೆ ವಾಪಸ್ ಕಳಿಸೋದು ಇಲ್ಲಿ ಮಾಮೂಲಿ. ಕಾರಣ ಸರಳ. ಚಪ್ಪಲಿಯಲ್ಲೇ ಬೆಳೆದ ಪಾದ ಮುಂದೆ ಅಗಲ ಇರುತ್ತೆ, ಯುರೋಪಿನ ಅಚ್ಚು ಕಿರಿದು. ನಂಬರ್ ಸರಿ ಇದ್ದರೂ ಕಿರುಬೆರಳ ಹತ್ತಿರ ಒತ್ತುತ್ತೆ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತೆ, ಆಗ ದಪ್ಪ ಕಾಲುಚೀಲ ಹಾಕಿ ನೋಡೋದು ಒಳ್ಳೇದು. ಇಳಿಜಾರಲ್ಲಿ ನಡೆದಾಗ ಬೆರಳು ಮುಂದಕ್ಕೆ ತಾಗಬಾರದು, ಹಿಮ್ಮಡಿ ಮೇಲೆ ಏಳಬಾರದು. ಆಮೇಲೆ ಬೈಕ್ ಮೇಲೆ ಕೂತು, ಎದ್ದು ನಿಂತು, ಗೇರ್ ಹಾಕಿ ನೋಡಬೇಕು. ದಪ್ಪ ಬೂಟಿಗೆ ಗೇರ್ ಲಿವರ್ ಒಂದೆರಡು ಹಲ್ಲು ಮೇಲೆ ಮಾಡಿಸಬೇಕಾಗುತ್ತೆ. ಮೆಕ್ಯಾನಿಕ್‌ಗೆ ಅದು ಹತ್ತು ನಿಮಿಷದ ಕೆಲಸ. ಬ್ರೇಕ್ ಪೆಡಲ್ ಎಷ್ಟು ಒತ್ತಿದ್ದೇವೆ ಅನ್ನೋದು ಮೊದಲ ದಿನ ಕಾಲಿಗೆ ಗೊತ್ತೇ ಆಗಲ್ಲ, ಹಾಗಾಗಿ ಹೊಸ ಬೂಟು ಹಾಕಿಕೊಂಡು ನೇರ ಶಿರಾಡಿ ಘಾಟಿ ಇಳಿಯೋದು ಜಾಣತನ ಅಲ್ಲ.

ನೀರಿನ ವಿಷಯದಲ್ಲಿ ಮಲೆನಾಡಿನ ಲೆಕ್ಕ ಬೇರೆ. ವಾಟರ್‌ಪ್ರೂಫ್ ಬೂಟು ಹೊರಗಿನ ನೀರು ತಡೆಯುತ್ತೆ. ಆದರೆ ಇಲ್ಲಿಯ ಮಳೆಯಲ್ಲಿ ನೀರು ಪ್ಯಾಂಟಿನಿಂದ ಇಳಿದು ಮೇಲಿಂದ ಬೂಟಿನೊಳಗೆ ಸೇರುತ್ತೆ, ಹಳ್ಳ ದಾಟುವಾಗಲೂ ಅಷ್ಟೇ. ಒಳಗೆ ಹೋದ ನೀರು ಹೊರಗೆ ಬರಲ್ಲ. ರೇನ್‌ಕೋಟಿನ ಪ್ಯಾಂಟು ಬೂಟಿನ ಹೊರಗೆ ಇರಬೇಕು, ಒಳಗೆ ತುರುಕಬಾರದು. ಹಳ್ಳ ದಾಟೋದೇ ಹವ್ಯಾಸ ಆದವರಿಗೆ ಬೇಗ ಒಣಗೋ ಸಾದಾ ಬೂಟು, ನೀರು ತಡೆಯೋ ಕಾಲುಚೀಲ ವಾಸಿ.

ಒಣಗಿಸೋದು ಅಂದಾಗ ಬಚ್ಚಲೊಲೆ ಪಕ್ಕ ಇಡೋ ಅಭ್ಯಾಸ ಎಲ್ಲರ ಮನೆಯಲ್ಲೂ ಇದೆ. ಆ ಕಾವಿಗೆ ಚರ್ಮ ಸೆಟೆದು ಬಿರಿಯುತ್ತೆ, ಸೋಲ್‌ನ ಅಂಟು ಬಿಡುತ್ತೆ. ಒಳಗೆ ಹಳೇ ಪೇಪರ್ ತುರುಕಿ, ಎರಡು ಸಲ ಬದಲಿಸಿ, ಗಾಳಿ ಆಡೋ ಕಡೆ ಇಟ್ಟರೆ ನಿಧಾನಕ್ಕಾದರೂ ಸರಿಯಾಗಿ ಒಣಗುತ್ತೆ.

ಅಂಗಡಿಯವರ ಲೆಕ್ಕ

2024ರ ಆಗಸ್ಟ್ 1ರಿಂದ ಹಲವು ಬಗೆಯ ಪಾದರಕ್ಷೆಗೆ ಬಿಐಎಸ್ ಗುಣಮಟ್ಟ ಆದೇಶ ಜಾರಿಗೆ ಬಂದಿದೆ. ಸಗಟು ವ್ಯಾಪಾರಿಯಿಂದ ಬಿಲ್ ಇಲ್ಲದೆ ಬರೋ ಮಾಲಿಗೆ ಕೈಹಾಕೋ ಮುಂಚೆ ಅಂಗಡಿಯವರು ಗುರುತು ನೋಡಿಕೊಳ್ಳೋದು ಅವರಿಗೇ ಕ್ಷೇಮ.

ಅದಕ್ಕಿಂತ ದೊಡ್ಡ ಅಪಾಯ ಹಳೇ ಸ್ಟಾಕು. ಪಿಯು ಸೋಲ್ ತೇವದ ಗಾಳಿಯಲ್ಲಿ ತಾನಾಗೇ ಕೆಡುತ್ತೆ. ಬಾಕ್ಸಿನಲ್ಲೇ ಇದ್ದ ಬೂಟು ನಾಲ್ಕೈದು ವರ್ಷ ಕಳೆದ ಮೇಲೆ ಹೊರಗೆ ಹೊಸದರ ಥರ ಕಾಣುತ್ತೆ, ಹಾಕಿ ನಡೆದರೆ ಸೋಲು ಪುಡಿಪುಡಿ ಆಗಿ ಉದುರುತ್ತೆ. ಸಕಲೇಶಪುರ, ಮೂಡಿಗೆರೆಯಂಥ ಊರಿನ ತೇವಕ್ಕೆ ಇದು ಇನ್ನೂ ಬೇಗ. ಅರ್ಧ ಬೆಲೆಗೆ ಸಿಗ್ತಿದೆ ಅಂದ್ರೆ ತಯಾರಿಕೆ ತಿಂಗಳು, ವರ್ಷ ನೋಡಬೇಕು. ಅಂಗಡಿಯವರು ಸಗಟಿನಲ್ಲಿ ತರುವಾಗಲೂ ಹಾಗೇ.

ಹಾಗಂತ ದುಬಾರಿ ಬೂಟುಗಳನ್ನು ರಾಶಿ ಹಾಕಿಕೊಂಡು ಕೂರೋದು ಸಣ್ಣ ಅಂಗಡಿಗೆ ಆಗದ ಮಾತು. ಏಳರಿಂದ ಹತ್ತರ ತನಕ ಒಂದೊಂದು ಜೊತೆ ಹಾಕಿ ನೋಡೋಕೆ ಇಟ್ಟು, ಅಡ್ವಾನ್ಸ್ ತಗೊಂಡು ತರಿಸಿಕೊಡಬಹುದು. ಅಳತೆ ನೋಡಿ ಕೊಡೋದು ಒಂದೇ ಆನ್‌ಲೈನ್‌ಗೆ ಇಲ್ಲದ ಬಲ. ಬಕಲ್ ಮುರಿದರೆ, ಹೊಲಿಗೆ ಬಿಟ್ಟರೆ ರಿಪೇರಿ ಮಾಡೋರು ಊರಲ್ಲೇ ಇದ್ದಾರೆ ಅನ್ನೋದು ಇನ್ನೊಂದು.

ಉಳಿದಿರೋದು ದಾರಿ ತೋರಿಸೋ ಹುಡುಗರ ಪ್ರಶ್ನೆ. ವಾರಕ್ಕೊಮ್ಮೆ ಪೇಟೆಗೆ ಬರೋರಿಗೆ ದುಬಾರಿ ಬೂಟು ಬೇಡ. ಆದರೆ ಪ್ರತಿ ವಾರಾಂತ್ಯ ಪ್ರವಾಸಿಗರ ಮುಂದೆ ಗುಡ್ಡ ಹತ್ತಿ ಇಳಿಯೋನಿಗೆ ಅದು ಕೆಲಸದ ಸಾಮಾನು, ಮರಸಿ ಮಾಡೋನಿಗೆ ಹಗ್ಗ ಇದ್ದ ಹಾಗೆ. ಅವನ ದಿನದ ಸಂಪಾದನೆಯಲ್ಲಿ ಅದನ್ನು ತಗೋ ಅಂದ್ರೆ ಅವನು ತಗೊಳ್ಳಲ್ಲ, ತಪ್ಪೂ ಅವನದಲ್ಲ. ಬೈಕ್ ಟ್ರಿಪ್ ಅಂತ ಪ್ಯಾಕೇಜ್ ಮಾರೋ ಹೋಂಸ್ಟೇ, ರೆಸಾರ್ಟ್‌ಗಳೇ ಬೂಟು ಕೊಡಿಸಬೇಕು. ಎರಡು ಜೊತೆ ಹೆಚ್ಚಿಗೆ ಇಟ್ಟುಕೊಂಡರೆ ಮನಾಲಿ, ಲೇಹ್‌ನಲ್ಲಿ ಮಾಡೋ ಥರ ಬಂದವರಿಗೆ ಬಾಡಿಗೆಗೂ ಕೊಡಬಹುದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಆರ್ಡರ್ ಹಾಕಿದರೆ ಸೈಜ್ ಬದಲಾಯಿಸೋ ಹೊತ್ತಿಗೆ ಸೀಸನ್ ಅರ್ಧ ಮುಗಿದಿರುತ್ತೆ. ಕೇಳೋದಾದರೆ ಏಪ್ರಿಲ್‌ನಲ್ಲೇ ಕೇಳಬೇಕು.